ಎಂಆರ್‌ಐ ಕೊಠಡಿಯಲ್ಲಿ ಅಲಾರಂ ಹೊಡೆದಾಗ: ದೋಷ ಪತ್ತೆ ಮತ್ತು ತುರ್ತು ಕ್ರಮ

ಈ ಕೈಪಿಡಿ 1.5 ಮತ್ತು 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐ ಯಂತ್ರ ನಡೆಸುವ ಟೆಕ್ನೀಷಿಯನ್‌ಗಳಿಗೆ, ಅಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ, ರಾತ್ರಿ ಪಾಳಿಯಲ್ಲಿ ಕೊಠಡಿಯ ಕೀಲಿ ಇಟ್ಟುಕೊಳ್ಳುವವರಿಗೆ. ಯಂತ್ರ ಬಿಚ್ಚುವುದು ಸರ್ವಿಸ್ ಎಂಜಿನಿಯರ್ ಕೆಲಸ, ಅದು ಇಲ್ಲಿಲ್ಲ. ಆದರೆ ಎಂಜಿನಿಯರ್ ಬೆಂಗಳೂರಿನಿಂದ ಹೊರಟು ನಿಮ್ಮ ಊರು ಮುಟ್ಟುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ. ಮೊದಲ ಎರಡು ನಿಮಿಷ ನಿಮ್ಮ ಕೈಯಲ್ಲೇ ಇರುತ್ತದೆ.

ದೋಷ ಯಾವುದೇ ಇರಲಿ, ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಒಳಗೆ ಯಾರಾದರೂ ಇದ್ದಾರಾ? ಮ್ಯಾಗ್ನೆಟ್ ಇನ್ನೂ ಎಳೆಯುತ್ತಿದೆಯಾ? ಮ್ಯಾಗ್ನೆಟ್ಟನ್ನು ತಂಪಾಗಿಡುವ ಹೀಲಿಯಂ ಪೈಪಿನಲ್ಲಿ ಹೊರಗೆ ಹೋಗುತ್ತಿದೆಯಾ, ಕೊಠಡಿಗೆ ನುಗ್ಗುತ್ತಿದೆಯಾ? ಅಲಾರಂ ಯಾಕೆ ಹೊಡೆಯಿತು ಎನ್ನುವುದು ಇವುಗಳ ನಂತರದ ಪ್ರಶ್ನೆ. ಪರದೆಯ ಮೇಲಿನ ಎರರ್ ಕೋಡ್ ಬರೆದುಕೊಳ್ಳುತ್ತಾ ಕುಳಿತರೆ ರೋಗಿಗೆ ಸಿಗಬೇಕಾದ ನಿಮಿಷಗಳು ಯಂತ್ರಕ್ಕೆ ಹೋಗುತ್ತವೆ.

ಮೂರು ಬಟನ್, ಮೂರು ಬೇರೆ ಕೆಲಸ

ಕರೆಂಟ್ ಹೋದರೆ ಮ್ಯಾಗ್ನೆಟ್ ಆಫ್ ಆಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. ಆಗುವುದಿಲ್ಲ. ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಆ ತಂಪಿನಲ್ಲಿ ತಂತಿಗೆ ವಿದ್ಯುತ್ ರೋಧವೇ ಇಲ್ಲದ ಕಾರಣ ಒಮ್ಮೆ ತುಂಬಿದ ಕರೆಂಟು ಹೊರಗಿನ ಸರಬರಾಜಿಲ್ಲದೆ ಸುತ್ತುತ್ತಲೇ ಇರುತ್ತದೆ. ಭಾನುವಾರ, ಹಬ್ಬ, ಮಧ್ಯರಾತ್ರಿ, ಕಟ್ಟಡಕ್ಕೆಲ್ಲ ಕತ್ತಲಾದ ಹೊತ್ತು, ಯಾವಾಗಲೂ ಅದೇ ಕ್ಷೇತ್ರ: 1.5 ಟೆಸ್ಲಾ, ಎಂದರೆ 15,000 ಗಾಸ್. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್.

ಗೋಡೆಯಲ್ಲಿ, ಕನ್ಸೋಲಿನಲ್ಲಿ, ಟೇಬಲ್ ಪಕ್ಕದಲ್ಲಿ ಕೆಂಪು ಬಟನ್‌ಗಳಿರುತ್ತವೆ. ಮೂರೂ ಕೆಂಪಾಗಿರುವುದರಿಂದಲೇ ಗೊಂದಲ.

ಟೇಬಲ್ ಸ್ಟಾಪ್ ಬಟನ್ ಮಂಚದ ಚಲನೆ ಮತ್ತು ಸ್ಕ್ಯಾನನ್ನು ನಿಲ್ಲಿಸುತ್ತದೆ. ರೋಗಿಯ ಕೈ ಸಿಕ್ಕಿಕೊಂಡಾಗ, ಕೇಬಲ್ ಎಳೆದಾಗ ಇದು ಸಾಕು.

ಎಮರ್ಜೆನ್ಸಿ ಪವರ್ ಆಫ್ ಯಂತ್ರಕ್ಕೆ ಬರುವ ಕರೆಂಟನ್ನೆಲ್ಲ ಕಡಿಯುತ್ತದೆ. ಸುಟ್ಟ ವಾಸನೆ, ಕಿಡಿ, ಹೊಗೆ, ನೀರು ಸೋರಿಕೆ, ಯಾರಿಗಾದರೂ ಶಾಕ್ ಹೊಡೆದಾಗ ಇದನ್ನು ಒತ್ತಿ. ಮ್ಯಾಗ್ನೆಟ್ ಹಾಗೇ ಇರುತ್ತದೆ.

ಮ್ಯಾಗ್ನೆಟ್ ಸ್ಟಾಪ್, ಅಂದರೆ ಕ್ವೆಂಚ್ ಬಟನ್, ಸುರುಳಿಯನ್ನು ಬಿಸಿ ಮಾಡಿ ಕಾಂತಕ್ಷೇತ್ರವನ್ನು ಬೀಳಿಸುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದಕ್ಕೆ ಒಂದರಿಂದ ಎರಡು ನಿಮಿಷ ಬೇಕು. ಹೀಲಿಯಂ ಹಾರಿಹೋಗುತ್ತದೆ, ಮತ್ತೆ ತುಂಬಿ ಕ್ಷೇತ್ರ ಏರಿಸಲು ದಿನಗಟ್ಟಲೆ ಹಿಡಿಯುತ್ತದೆ, ಖರ್ಚು ಹಲವು ಲಕ್ಷ ರೂಪಾಯಿ. ಇದನ್ನು ಒತ್ತುವ ಸಂದರ್ಭ ಮುಖ್ಯವಾಗಿ ಒಂದೇ: ಮ್ಯಾಗ್ನೆಟ್ಟಿಗೂ ಕಬ್ಬಿಣದ ವಸ್ತುವಿಗೂ ನಡುವೆ ಮನುಷ್ಯ ಸಿಕ್ಕಿಕೊಂಡು ಅವನ ಜೀವಕ್ಕೆ ಅಪಾಯವಾದಾಗ. ಆಗ ಯಾರ ಅನುಮತಿಗೂ ಕಾಯಬೇಡಿ. ಖರ್ಚಿನ ಲೆಕ್ಕ ಆಮೇಲೆ.

ಈ ಮೂರರ ಮೇಲೂ ದೊಡ್ಡ ಕನ್ನಡ ಅಕ್ಷರದಲ್ಲಿ ಚೀಟಿ ಅಂಟಿಸಿ: “ಟೇಬಲ್ ನಿಲ್ಲುತ್ತದೆ”, “ಕರೆಂಟ್ ಹೋಗುತ್ತದೆ, ಮ್ಯಾಗ್ನೆಟ್ ಹೋಗುವುದಿಲ್ಲ”, “ಮ್ಯಾಗ್ನೆಟ್ ಬೀಳುತ್ತದೆ — ಮನುಷ್ಯ ಸಿಕ್ಕಿಕೊಂಡಾಗ ಮಾತ್ರ”. ಕ್ವೆಂಚ್ ಬಟನ್ನಿಗೆ ಪ್ಲಾಸ್ಟಿಕ್ ಮುಚ್ಚಳ ಇರಲೇಬೇಕು. ನೆಲ ಒರೆಸುವವರ ಮೊಣಕೈ ತಾಗಿದರೆ ಒತ್ತಿಕೊಳ್ಳುವಂತಿರಬಾರದು.

ನಿಮ್ಮಲ್ಲಿರುವುದು 0.2ರಿಂದ 0.4 ಟೆಸ್ಲಾದ, ಶಾಶ್ವತ ಮ್ಯಾಗ್ನೆಟ್ ಇರುವ ಓಪನ್ ಎಂಆರ್‌ಐ ಆಗಿದ್ದರೆ ಹೀಲಿಯಂ ಇಲ್ಲ, ಕ್ವೆಂಚ್ ಬಟನ್ನೂ ಇಲ್ಲ. ಅದನ್ನು ಯಾರಿಂದಲೂ ಆಫ್ ಮಾಡಲಾಗದು. ಕಡಿಮೆ ಟೆಸ್ಲಾ ಎಂದು ಅಲ್ಲಿ ಸಲಿಗೆ ತೋರಿಸುವುದು ತಪ್ಪು.

ಲಕ್ಷಣ: ವಸ್ತು ಹಾರಿ ಅಂಟಿಕೊಂಡಿದೆ

ಸೆಳೆತ ನೀವು ನಿರೀಕ್ಷಿಸಿದಂತೆ ನಿಧಾನವಾಗಿ ಹೆಚ್ಚುವುದಿಲ್ಲ. ಈಗಿನ ಮ್ಯಾಗ್ನೆಟ್‌ಗಳಿಗೆ ಹೊರಕ್ಷೇತ್ರ ತಗ್ಗಿಸುವ ಕವಚ ಇರುವುದರಿಂದ ಬಾಗಿಲ ಹತ್ತಿರ ಏನೂ ಗೊತ್ತಾಗದೆ, ಇನ್ನೆರಡು ಹೆಜ್ಜೆ ಹಾಕಿದೊಡನೆ ವಸ್ತು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಸೆಳೆತ ಅತಿ ಜೋರಾಗಿರುವುದು ಸುರಂಗದ ಬಾಯಲ್ಲಿ. ರೋಗಿ ಒಳಗೆ ಹೋಗುವುದೂ ಅಲ್ಲಿಂದಲೇ.

2001ರಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಾರಿ ಬಂದು ಆರು ವರ್ಷದ ಹುಡುಗ ತೀರಿಕೊಂಡ. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಯೊಬ್ಬರು ಸಿಲಿಂಡರ್ ಹಿಡಿದು ಒಳಗೆ ಹೋಗಿ ಜೀವ ಕಳೆದುಕೊಂಡರು. 2014ರ ನವೆಂಬರ್‌ನಲ್ಲಿ ನವಿ ಮುಂಬೈನಲ್ಲಿ ಸಿಲಿಂಡರ್ ಮತ್ತು ಯಂತ್ರದ ನಡುವೆ ಇಬ್ಬರು ಸಿಬ್ಬಂದಿ ಸುಮಾರು ನಾಲ್ಕು ಗಂಟೆ ಸಿಕ್ಕಿಕೊಂಡಿದ್ದರು. ತುರ್ತು ಬಟನ್ ಒತ್ತಿದರೂ ಕ್ಷೇತ್ರ ಬೀಳಲಿಲ್ಲ ಎಂದು ಆಗ ವರದಿಯಾಗಿತ್ತು. ಮೂರರಲ್ಲೂ ಸಿಲಿಂಡರೇ ಇರುವುದು ಆಕಸ್ಮಿಕವಲ್ಲ. ಉಸಿರಿಗೆ ಕಷ್ಟಪಡುವ ರೋಗಿಯ ಜೊತೆ ಸಿಲಿಂಡರ್ ಬಂದೇ ಬರುತ್ತದೆ, ತರುವವರು ಆತುರದಲ್ಲಿರುತ್ತಾರೆ.

ಮನುಷ್ಯ ಸಿಕ್ಕಿಕೊಂಡಿದ್ದರೆ ಹೀಗೆ ಮಾಡಿ:

1. ಕ್ವೆಂಚ್ ಬಟನ್ ಒತ್ತಿ. ಒತ್ತುವವರು ಒಬ್ಬರು, ಸಹಾಯಕ್ಕೆ ಕೂಗುವವರು ಇನ್ನೊಬ್ಬರು.
2. ಬಾಗಿಲು ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ.
3. ಕ್ಷೇತ್ರ ಬೀಳುತ್ತಿದ್ದಂತೆ ವಸ್ತು ಸಡಿಲಗೊಂಡು ಭಾರಕ್ಕೆ ಜಾರುತ್ತದೆ. ಸಿಕ್ಕಿಕೊಂಡವರ ಮೇಲೆಯೇ ಬೀಳದಂತೆ ಆನಿಸಿ ಹಿಡಿಯಲು ಇಬ್ಬರು ಸಿದ್ಧರಿರಲಿ. ಅವರ ಜೇಬು ಖಾಲಿ ಇರಬೇಕು, ಮೈಮೇಲೆ ಬೆಲ್ಟ್, ಮೊಬೈಲ್ ಇರಬಾರದು.
4. ಬಟನ್ ಕೆಲಸ ಮಾಡದಿದ್ದರೆ ಇನ್ನೊಂದು ಬಟನ್ ಒತ್ತಿ. ಸಾಮಾನ್ಯವಾಗಿ ಸ್ಕ್ಯಾನ್ ಕೊಠಡಿಯಲ್ಲೊಂದು, ಕನ್ಸೋಲ್ ಬಳಿ ಒಂದು ಇರುತ್ತದೆ. ಅದೂ ಆಗದಿದ್ದರೆ ತಯಾರಕರ ತುರ್ತು ಸಂಖ್ಯೆಗೆ ಕರೆ ಮಾಡಿ. ಅದು ಫೋನಿನ ಪಕ್ಕ ಬರೆದಿರಬೇಕು.

ಬಟನ್ ಸತ್ತಿರಲು ಕಾರಣ ಹುಡುಕುವುದು ಆ ಹೊತ್ತಿನಲ್ಲಲ್ಲ, ಮೊದಲೇ. ಈ ಸರ್ಕೀಟಿಗೆ ತನ್ನದೇ ಬ್ಯಾಟರಿ ಇರುತ್ತದೆ, ಕರೆಂಟ್ ಇಲ್ಲದಾಗಲೂ ಕೆಲಸ ಮಾಡಲೆಂದು. ಬ್ಯಾಟರಿ ಸತ್ತಿರಬಹುದು, ರಿಪೇರಿಯ ವೇಳೆ ಕಳಚಿದ ವೈರ್ ಮತ್ತೆ ಸೇರಿಸದೆ ಉಳಿದಿರಬಹುದು, ಬಟನ್ ಬೀಳದಂತೆ ಯಾರೋ ಅಡ್ಡ ಇಟ್ಟಿರಬಹುದು. ಕ್ವೆಂಚ್ ಮಾಡದೆಯೇ ಬ್ಯಾಟರಿ ಮತ್ತು ಹೀಟರ್ ಸರ್ಕೀಟ್ ಪರೀಕ್ಷಿಸುವ ವ್ಯವಸ್ಥೆ ಆ ಪೆಟ್ಟಿಗೆಯಲ್ಲೇ ಇರುತ್ತದೆ. ಅದನ್ನು ಪರೀಕ್ಷಿಸುವುದು ಎಂಜಿನಿಯರ್ ಕೆಲಸ, ಪರೀಕ್ಷೆ ಆಯಿತೇ ಎಂದು ಕೇಳುವುದು ನಿಮ್ಮ ಕೆಲಸ. ಪ್ರತಿ ಸರ್ವಿಸ್ ವರದಿಯಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಸಹಿ ಹಾಕಬೇಡಿ.

ಯಾರೂ ಸಿಕ್ಕಿಕೊಂಡಿಲ್ಲ, ಕುರ್ಚಿಯೋ ಸಿಲಿಂಡರೋ ಮಾತ್ರ ಅಂಟಿದೆ ಎಂದಾದರೆ ಕ್ವೆಂಚ್ ಬೇಡ. ರೋಗಿ ಮಂಚದ ಮೇಲಿದ್ದರೆ ಸಾಧ್ಯವಾದಲ್ಲಿ ಯಂತ್ರದ ಇನ್ನೊಂದು ಬದಿಯಿಂದ, ವಸ್ತು ಜಾರಿದರೂ ತಗಲದ ದಿಕ್ಕಿನಲ್ಲಿ ಹೊರಗೆ ತನ್ನಿ. ಕೊಠಡಿಗೆ ಬೀಗ ಹಾಕಿ. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆಯುವ ಸಾಹಸ ಬೇಡವೇ ಬೇಡ. ವಸ್ತು ಅರ್ಧ ಬಂದು ಕೈತಪ್ಪಿದರೆ ಮೊದಲಿಗಿಂತ ವೇಗವಾಗಿ ವಾಪಸು ಹೋಗುತ್ತದೆ, ದಾರಿಯಲ್ಲಿ ಯಾರ ಬೆರಳಿದ್ದರೂ ಹೋಯಿತು. ಎಂಜಿನಿಯರ್ ಬಂದು ಕ್ಷೇತ್ರವನ್ನು ನಿಧಾನವಾಗಿ ಇಳಿಸಿದರೆ ಹೀಲಿಯಂ ಬಹುಮಟ್ಟಿಗೆ ಉಳಿಯುತ್ತದೆ.

ವಸ್ತು ಒಳಗೆ ಬಂದದ್ದು ಹೇಗೆ? ಪ್ರತಿ ಬಾರಿ ಇದನ್ನು ಬರೆದಿಡಿ. ಕಬ್ಬಿಣ ಬರುವ ದಾರಿಗಳು ಕೆಲವೇ: ವಾರ್ಡಿನ ಗಾಲಿಕುರ್ಚಿ, ಐವಿ ಸ್ಟ್ಯಾಂಡ್, ನರ್ಸ್ ಜೇಬಿನ ಕತ್ತರಿ, ಸ್ವಚ್ಛತಾ ಸಿಬ್ಬಂದಿಯ ಬಕೆಟ್ ಮತ್ತು ಮಾಪ್, ಎಸಿ ರಿಪೇರಿಯವರ ಸ್ಪ್ಯಾನರ್, ಕೈದಿಯ ಜೊತೆ ಬರುವ ಪೊಲೀಸರ ಬಂದೂಕು ಮತ್ತು ಕೈಕೋಳ. ಅಲ್ಯೂಮಿನಿಯಂ ಸಿಲಿಂಡರ್ ಸುರಕ್ಷಿತ ಎಂದು ಕೊಂಡರೂ ಅದಕ್ಕೆ ಜೋಡಿಸಿದ ರೆಗ್ಯುಲೇಟರಿನಲ್ಲಿ ಉಕ್ಕು ಇರಬಹುದು. ಹಿಡಿ ಇರುವ ಜೋರಾದ ಕೈಮ್ಯಾಗ್ನೆಟ್ ಒಂದನ್ನು ಕೊಠಡಿಯ ಹೊರಗಿಟ್ಟುಕೊಂಡು ಪ್ರತಿ ಹೊಸ ವಸ್ತುವಿನ ಎಲ್ಲ ಭಾಗಕ್ಕೂ ತಾಗಿಸಿ ನೋಡಿ. ಒಳಗೆ ಗೋಡೆಯ ಪೈಪಿನಿಂದ ಆಮ್ಲಜನಕ ಸಿಗುವಂತಿದ್ದರೆ ಸಿಲಿಂಡರ್ ಪ್ರಶ್ನೆಯೇ ಏಳುವುದಿಲ್ಲ. ಹೊಸ ಕೊಠಡಿ ಕಟ್ಟಿಸುವವರು ದಯವಿಟ್ಟು ಇದರಲ್ಲಿ ಉಳಿತಾಯ ಮಾಡಬೇಡಿ.

ಬಾಗಿಲ ಬಳಿ ನೆಲದ ಮೇಲೆ 5 ಗಾಸ್ ಗೆರೆ (ಕಾಂತಕ್ಷೇತ್ರ 5 ಗಾಸ್ ಮುಟ್ಟುವ ಜಾಗದ ಗುರುತು) ಇದ್ದರೆ ಅದರಾಚೆ ಪೇಸ್‌ಮೇಕರ್ ಇರುವವರು ಪರೀಕ್ಷೆಯಿಲ್ಲದೆ ದಾಟಬಾರದು. ಜೊತೆಗೆ ಬಂದವರನ್ನೂ ಕೇಳಿ. ಮಗುವಿನ ಕೈ ಹಿಡಿದು ಒಳಗೆ ನಿಲ್ಲುವ ಅಜ್ಜನಿಗೆ ಪೇಸ್‌ಮೇಕರ್ ಇರಬಹುದು.

ಲಕ್ಷಣ: ಭೋರ್ಗರೆತ, ಬಿಳಿ ಮೋಡ, ಇಮೇಜ್ ಮಾಯ

ಇದು ತಾನಾಗಿ ಆದ ಕ್ವೆಂಚ್. ದೊಡ್ಡ ಶಬ್ದದ ಜೊತೆ ಸಿಗ್ನಲ್ ಸಂಪೂರ್ಣ ಹೋಗುತ್ತದೆ, ಕನ್ಸೋಲಿನಲ್ಲಿ ಮ್ಯಾಗ್ನೆಟ್ ಅಲಾರಂ ಬರುತ್ತದೆ. ಹೊರಗೆ ಚಾವಣಿಯ ಪೈಪಿನ ತುದಿಯಲ್ಲಿ ಬಿಳಿ ಮೋಡ ಏಳುತ್ತದೆ. ಹೀಲಿಯಂಗೆ ಬಣ್ಣವಿಲ್ಲ, ಅದರ ತಂಪಿಗೆ ಗಾಳಿಯ ತೇವ ಮಂಜಾಗಿ ಕಾಣುವುದು ಅಷ್ಟೆ.

ಮೋಡ ಹೊರಗೆ ಮಾತ್ರ ಇದ್ದರೆ ಪೈಪು ತನ್ನ ಕೆಲಸ ಮಾಡುತ್ತಿದೆ. ಗಾಬರಿಯಿಲ್ಲದೆ ರೋಗಿಯನ್ನು ಹೊರಗೆ ಕರೆದುಕೊಂಡು ಬಂದು ಬಾಗಿಲು ಹಾಕಿ.

ಮೋಡ ಒಳಗೆ ಕಂಡರೆ ಪೈಪು ಒಡೆದಿದೆ ಅಥವಾ ಕಟ್ಟಿಕೊಂಡಿದೆ. ಲೆಕ್ಕ ನೋಡಿ: ಹಳೆಯ ಮಾದರಿಯ ಮ್ಯಾಗ್ನೆಟ್‌ನಲ್ಲಿ ಸುಮಾರು 1,500 ಲೀಟರ್ ದ್ರವ ಹೀಲಿಯಂ ಇರುತ್ತದೆ. ಒಂದು ಲೀಟರ್ ದ್ರವ ಕೊಠಡಿಯ ಉಷ್ಣತೆಗೆ ಬಂದರೆ ಸುಮಾರು 750 ಲೀಟರ್ ಅನಿಲ. ಪೂರ್ತಿ ಆವಿಯಾದರೆ 11 ಲಕ್ಷ ಲೀಟರಿಗೂ ಹೆಚ್ಚು. 7 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿ ಹಿಡಿಸುವುದು 1.05 ಲಕ್ಷ ಲೀಟರ್. ಹತ್ತರಲ್ಲಿ ಒಂದು ಪಾಲು ಒಳಗೆ ಬಂದರೂ ಉಸಿರಾಡಲು ಗಾಳಿ ಉಳಿಯದು. ಹೀಲಿಯಂಗೆ ವಾಸನೆ ಇಲ್ಲ, ಉಸಿರುಕಟ್ಟುವ ಅನುಭವವೂ ಆಗುವುದಿಲ್ಲ. ಮನುಷ್ಯ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾನೆ.

ಆಗಿನ ಕ್ರಮ:

1. ಇಂಟರ್‌ಕಾಮ್‌ನಲ್ಲಿ ರೋಗಿಗೆ ಹೇಳಿ: “ಅಮ್ಮಾ, ಹೆದರಬೇಡಿ, ಅಲ್ಲೇ ಮಲಗಿರಿ, ಏಳಬೇಡಿ, ನಾವು ಬಂದ್ವಿ.” ಹೀಲಿಯಂ ಹಗುರ, ಚಾವಣಿಯಿಂದ ಕೆಳಕ್ಕೆ ತುಂಬುತ್ತಾ ಬರುತ್ತದೆ. ಎದ್ದು ನಿಂತವರಿಗೆ ಮೊದಲು ಅಪಾಯ.
2. ಎಕ್ಸಾಸ್ಟ್ ಫ್ಯಾನ್ ಹಾಕಿ, ಕನ್ಸೋಲ್ ಕೋಣೆಯ ಬಾಗಿಲು ಕಿಟಕಿಗಳನ್ನೂ ತೆರೆಯಿರಿ.
3. ಸ್ಕ್ಯಾನ್ ಕೊಠಡಿಯ ಬಾಗಿಲು ತೆರೆಯಿರಿ. ಒಳಕ್ಕೆ ತೆರೆದುಕೊಳ್ಳುವ ಬಾಗಿಲಾದರೆ ಒಳಗಿನ ಒತ್ತಡಕ್ಕೆ ಅದು ಅಲುಗದು. ಒತ್ತಡ ಇಳಿಸುವ ಕಿಂಡಿ ಇದ್ದರೆ ಅದನ್ನು ತೆರೆಯಿರಿ. ಏನೂ ಆಗದಿದ್ದರೆ ಕೊನೆಯ ದಾರಿ ಕನ್ಸೋಲ್ ಕಿಟಕಿಯ ಗಾಜು ಒಡೆಯುವುದು.
4. ಒಳಗೆ ಬಗ್ಗಿ ಹೋಗಿ, ಇಬ್ಬರಿಗಿಂತ ಕಡಿಮೆ ಬೇಡ, ಒಬ್ಬರು ಬಾಗಿಲಲ್ಲೇ ನಿಲ್ಲಲಿ. ಮಂಚವನ್ನು ಕೈಯಿಂದ ಎಳೆದು ರೋಗಿಯನ್ನು ಹೊರತನ್ನಿ. ಮೋಡದಲ್ಲಿ ದಾರಿಯೇ ಕಾಣದಿದ್ದರೆ, ಮೊದಲು ಹೋದವರು ಕುಸಿದಿದ್ದರೆ, ಉಸಿರಾಟದ ಉಪಕರಣವಿಲ್ಲದೆ ಇನ್ನೊಬ್ಬರು ಹಿಂದೆ ಹೋಗಬಾರದು.
5. ಮಂಜುಗಟ್ಟಿದ ಪೈಪು, ಲೋಹ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಶೀತಗಾಯವಾದರೆ ಉಜ್ಜದೆ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಿಗೆ ತೋರಿಸಿ.

ಕ್ವೆಂಚ್ ಆಯಿತು, ಇನ್ನು ಕಬ್ಬಿಣ ಒಯ್ಯಬಹುದು ಎಂದುಕೊಳ್ಳಬೇಡಿ. ಗಾಸ್ ಮೀಟರಿನಲ್ಲಿ ನೋಡಿ ಸೊನ್ನೆ ಎಂದು ಖಚಿತವಾಗುವವರೆಗೂ ಹಳೆಯ ನಿಯಮವೇ. ಎಂಜಿನಿಯರ್‌ಗೆ ತಕ್ಷಣ ತಿಳಿಸಿ. ಒಡೆದ ಬರ್ಸ್ಟ್ ಡಿಸ್ಕ್ (ಒತ್ತಡ ಮೀರಿದಾಗ ಒಡೆದು ಹೀಲಿಯಂಗೆ ದಾರಿ ಬಿಡುವ ತಟ್ಟೆ) ಮೂಲಕ ಹೊರಗಾಳಿ ಒಳಗೆ ಹೋದರೆ ಅದರ ತೇವ, ಸಾರಜನಕ, ಆಮ್ಲಜನಕ ಎಲ್ಲ ಹೆಪ್ಪುಗಟ್ಟಿ ಮ್ಯಾಗ್ನೆಟ್‌ನ ಕುತ್ತಿಗೆಯಲ್ಲಿ ಬಿರಡೆಯಾಗುತ್ತವೆ.

ಪೈಪು ಕಟ್ಟಿಕೊಳ್ಳುವುದಕ್ಕೆ ನಮ್ಮ ಕಡೆ ಕಾರಣಗಳು ತೀರಾ ಸಾಮಾನ್ಯ. ಚಾವಣಿಯ ತುದಿಯಲ್ಲಿ ಪಾರಿವಾಳದ ಗೂಡು, ಜೇನುಗೂಡು, ಹರಿದ ಜಾಲರಿ, ಟೋಪಿ ಹಾರಿಹೋಗಿ ಒಳಗೆ ನಿಂತ ಮಳೆನೀರು. ನೀರು ಇದ್ದರೆ ಹೀಲಿಯಂ ತಾಗಿದೊಡನೆ ಮಂಜುಗಡ್ಡೆಯಾಗಿ ಪೈಪು ಮುಚ್ಚುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹತ್ತಿ ನೋಡಿಸಿ. ತುದಿಯ ಸುತ್ತ ಕನಿಷ್ಠ 3 ಮೀಟರ್ ಯಾರೂ ನಿಲ್ಲದಂತೆ ಬೇಲಿ, ಫಲಕ ಇರಲಿ. ಚಾವಣಿಯ ಮೇಲೆ ಹೊಸ ಎಸಿ ಘಟಕ, ಸೋಲಾರ್ ಹಲಗೆ, ಕ್ಯಾಂಟೀನ್ ಶೆಡ್ ಬರುವಾಗ ಈ ತುದಿಯ ನೆನಪು ಯಾರಿಗೂ ಇರುವುದಿಲ್ಲ. ಹತ್ತಿರದಲ್ಲಿ ಕಿಟಕಿಯೋ ಎಸಿಯ ಗಾಳಿ ಸೆಳೆಯುವ ಬಾಯೋ ಇದ್ದರೆ ಹೀಲಿಯಂ ಮೇಲಿನ ವಾರ್ಡಿಗೇ ನುಗ್ಗುತ್ತದೆ.

ಹೊಸ ಮಾದರಿಯ ಕೆಲವು ಮ್ಯಾಗ್ನೆಟ್‌ಗಳಲ್ಲಿ ಸುಮಾರು 7 ಲೀಟರ್ ಹೀಲಿಯಂ ಮಾತ್ರ ಸೀಲ್ ಆಗಿರುತ್ತದೆ. ಅವಕ್ಕೆ ಕ್ವೆಂಚ್ ಪೈಪ್ ಬೇಕಿಲ್ಲ, ಉಸಿರುಗಟ್ಟುವ ಭಯವಿಲ್ಲ. ಆದರೆ ಮ್ಯಾಗ್ನೆಟ್ಟಿನ ಸೆಳೆತ ಅಷ್ಟೇ ಇರುತ್ತದೆ.

ಲಕ್ಷಣ: ಆಮ್ಲಜನಕ ಮಾನಿಟರ್ ಹೊಡೆದುಕೊಳ್ಳುತ್ತಿದೆ

ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ. ಸಾಮಾನ್ಯವಾಗಿ 19.5ಕ್ಕೆ ಎಚ್ಚರಿಕೆ, 18ಕ್ಕೆ ಅಪಾಯ ಎಂದು ಹೊಂದಿಸಿರುತ್ತಾರೆ. ಹೊಡೆದ ತಕ್ಷಣ ರೋಗಿಯನ್ನು ಹೊರತನ್ನಿ, ಸುಳ್ಳು ಅಲಾರಂ ಹೌದೋ ಅಲ್ಲವೋ ಆಮೇಲೆ ನೋಡೋಣ.

ರೋಗಿ ಹೊರಗೆ ಬಂದ ಮೇಲೆ ಹೀಗೆ ಪತ್ತೆ ಮಾಡಿ. ಹೊರಗಿನ ತಾಜಾ ಗಾಳಿಯಲ್ಲಿ ಇನ್ನೊಂದು ಕೈಮೀಟರ್ 20.9 ತೋರಿಸುತ್ತಿದೆಯೇ? ತೋರಿಸಿದರೆ ಅದನ್ನು ಬಾಗಿಲಿನಿಂದ ಒಳಗೆ ಚಾಚಿ, ಎತ್ತರಕ್ಕೆ ಹಿಡಿಯಿರಿ. ಅಲ್ಲಿಯೂ ಇಳಿದರೆ ಸೋರಿಕೆ ನಿಜ. ಇಳಿಯದಿದ್ದರೆ ಗೋಡೆಯ ಸೆನ್ಸರ್ ಮೇಲೆ ಅನುಮಾನ. ಅದರ ರಾಸಾಯನಿಕ ಕೋಶಕ್ಕೆ ಆಯಸ್ಸು ಸುಮಾರು ಎರಡು ವರ್ಷ. ಸಾಯುತ್ತಾ ಬಂದಂತೆ ಓದು ಕೆಳಗಿಳಿಯುತ್ತದೆ, ಪ್ರತಿದಿನ ಸ್ವಲ್ಪ ಸ್ವಲ್ಪ. ನಿಜವಾದ ಸೋರಿಕೆಯಲ್ಲಿ ಓದು ನಿಮಿಷಗಳಲ್ಲಿ ಬೀಳುತ್ತದೆ.

ಕರ್ನಾಟಕದ ಒಳನಾಡಿನಲ್ಲಿ ಇನ್ನೊಂದು ಕಾರಣವೂ ಇದೆ. ಆಂಶಿಕ ಒತ್ತಡ (ಗಾಳಿಯ ಒತ್ತಡದಲ್ಲಿ ಆಮ್ಲಜನಕದ ಪಾಲು) ಅಳೆಯುವ ಸೆನ್ಸರನ್ನು ಸಮುದ್ರಮಟ್ಟದಲ್ಲಿ ಹೊಂದಿಸಿ ತಂದು ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹಚ್ಚಿದರೆ, ಗಾಳಿ ಸರಿಯಿದ್ದರೂ ಅದು ಸುಮಾರು 18.7 ತೋರಿಸುತ್ತದೆ. ಮೊದಲ ದಿನದಿಂದಲೇ ಎಚ್ಚರಿಕೆ ಹೊಡೆಯುತ್ತದೆ, ಕಿರಿಕಿರಿ ತಾಳದೆ ಯಾರೋ ಸದ್ದು ನಿಲ್ಲಿಸಿಬಿಡುತ್ತಾರೆ. ಪರಿಹಾರ ಸುಲಭ: ಇದ್ದ ಜಾಗದಲ್ಲೇ ತಾಜಾ ಗಾಳಿಗೆ 20.9 ಎಂದು ಮತ್ತೆ ಹೊಂದಿಸುವುದು. ಸೆನ್ಸರ್ ಚಾವಣಿಗೆ ಹತ್ತಿರವಿರಲಿ.

ಹೀಲಿಯಂ ಸೋರಿಕೆಗೆ ಒಂದು ವಿಚಿತ್ರ ಸುಳಿವು ಮೊಬೈಲ್ ಫೋನ್. 2018ರಲ್ಲಿ ಶಿಕಾಗೊ ಬಳಿಯ ಆಸ್ಪತ್ರೆಯೊಂದರಲ್ಲಿ ಹೊಸ ಎಂಆರ್‌ಐ ಜೋಡಿಸುವಾಗ ಹೀಲಿಯಂ ಎಸಿಯ ಗಾಳಿ ಕೊಳವೆಗಳ ಮೂಲಕ ಕಟ್ಟಡದೊಳಗೆ ಹರಡಿ ಹತ್ತಾರು ಐಫೋನ್‌ಗಳು ಸತ್ತು ಮಲಗಿದ್ದವು. ಅವುಗಳ ಗಡಿಯಾರದ ಎಲೆಕ್ಟ್ರಾನಿಕ್ ಚಿಪ್ ಒಳಗೆ ಹೀಲಿಯಂ ಕಣಗಳು ನುಸುಳಿದ್ದೇ ಕಾರಣ. ಕನ್ಸೋಲ್ ಕೋಣೆಯಲ್ಲಿ ಒಟ್ಟಿಗೆ ಎರಡು ಮೂರು ಫೋನ್ ಕಾರಣವಿಲ್ಲದೆ ಆಫ್ ಆದರೆ ಗಾಳಿಯನ್ನು ಪರೀಕ್ಷಿಸಿ.

ಲಕ್ಷಣ: “ಚಿಕ್-ಚಿಕ್” ಸದ್ದು ನಿಂತಿದೆ

ಸ್ಕ್ಯಾನ್ ಇಲ್ಲದಾಗಲೂ ಕೊಠಡಿಯಲ್ಲಿ ಕೇಳುವ ಆ ಲಯಬದ್ಧ ಸದ್ದು ಕೋಲ್ಡ್ ಹೆಡ್‌ನದು. ಆವಿಯಾದ ಹೀಲಿಯಂ ಅನ್ನು ಮತ್ತೆ ದ್ರವ ಮಾಡುವುದು ಅದೇ. ಅದು ನಿಂತರೆ ಹೀಲಿಯಂ ಕುದಿದು ಒತ್ತಡ ಏರುತ್ತದೆ, ಕವಾಟದಿಂದ ಸ್ವಲ್ಪ ಸ್ವಲ್ಪವೇ ಹೊರಹೋಗುತ್ತದೆ. ದಿನಗಟ್ಟಲೆ ಬಿಟ್ಟರೆ ಕ್ವೆಂಚ್‌ನಲ್ಲಿ ಮುಗಿಯುತ್ತದೆ. 7 ಲೀಟರಿನ ಯಂತ್ರಗಳಲ್ಲಿ ಈ ಸಮಯ ಇನ್ನೂ ಕಡಿಮೆ. ಬೆಳಿಗ್ಗೆ ಬಂದವರು ಮೊದಲು ಈ ಸದ್ದಿಗೆ ಕಿವಿಗೊಡುವುದು ಒಳ್ಳೆಯ ಅಭ್ಯಾಸ.

ಹುಡುಕುವ ಕ್ರಮ ಹೊರಗಿನಿಂದ ಒಳಕ್ಕೆ. ಮೊದಲು ಮೂರು ಫೇಸ್ ಕರೆಂಟ್ ಇದೆಯಾ ನೋಡಿ. ಟ್ರಾನ್ಸ್‌ಫಾರ್ಮರ್ ಕೆಲಸವಾಗಿದ್ದರೆ ಅಥವಾ ಹೊಸ ಜನರೇಟರ್ ಜೋಡಿಸಿದ್ದರೆ ಫೇಸ್ ಕ್ರಮ ತಿರುಗುಮುರುಗಾಗಿರಬಹುದು. ದೀಪ, ಕಂಪ್ಯೂಟರ್ ಎಲ್ಲ ಸರಿ ನಡೆಯುತ್ತವೆ, ತಣ್ಣೀರು ಒದಗಿಸುವ ಚಿಲ್ಲರ್ ಮತ್ತು ಕೋಲ್ಡ್ ಹೆಡ್ ನಡೆಸುವ ಕಂಪ್ರೆಸರ್ ಮಾತ್ರ ಏಳುವುದಿಲ್ಲ. ಅವುಗಳ ರಿಲೇ ತಡೆದು ನಿಲ್ಲಿಸಿರುತ್ತದೆ. ಎಲೆಕ್ಟ್ರಿಷಿಯನ್ ಫೇಸ್ ಸರಿಪಡಿಸಿದರೆ ಆಯಿತು, ರಿಲೇ ಬೈಪಾಸ್ ಮಾಡಿಸಬೇಡಿ.

ಆಮೇಲೆ ಚಿಲ್ಲರ್. ಬೇಸಿಗೆಯಲ್ಲಿ ಕಂಡೆನ್ಸರ್ ರೆಕ್ಕೆಗಳಲ್ಲಿ ಧೂಳು, ಹತ್ತಿ ತುಂಬಿ ನೀರು ಬಿಸಿಯಾಗುತ್ತದೆ. ನೀರಿನ ಮಟ್ಟ ಇಳಿದಿರಬಹುದು, ಜಾಲರಿ ಫಿಲ್ಟರ್ ಕೆಸರು ಕಟ್ಟಿರಬಹುದು. ನೀರು ಬಿಸಿಯಾದರೆ ಅಥವಾ ಹರಿವು ಕಡಿಮೆಯಾದರೆ ಕಂಪ್ರೆಸರ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ಹಾಗಾಗಿ ಕಂಪ್ರೆಸರ್ ಟ್ರಿಪ್ ಎಂದಾಗ ದೋಷ ಅದರಲ್ಲೇ ಇರಬೇಕೆಂದಿಲ್ಲ.

ಇವೆರಡೂ ಸರಿಯಿದ್ದರೆ ಕಂಪ್ರೆಸರಿನ ಪರದೆ, ಒತ್ತಡದ ಗೇಜ್ ಮತ್ತು ಗಂಟೆ ಮೀಟರಿನ ಫೋಟೋ ತೆಗೆದು ಎಂಜಿನಿಯರ್‌ಗೆ ಕಳಿಸಿ. ಕೆಲವು ನಿಮಿಷ ಬಿಟ್ಟು ಒಮ್ಮೆ ರೀಸೆಟ್ ಮಾಡಬಹುದು. ಮತ್ತೆ ಟ್ರಿಪ್ ಆದರೆ ಇನ್ನೊಮ್ಮೆ ಬೇಡ. ಗೇಜ್ ಒತ್ತಡ ಬಿದ್ದಿದ್ದರೆ ಅನಿಲದ ಕೊಳವೆ ಸೋರುತ್ತಿದೆ, ಕಪ್ಲಿಂಗ್‌ಗೆ ಸ್ಪ್ಯಾನರ್ ಹಾಕಬೇಡಿ. ಸರ್ವಿಸ್ ಜೊತೆ ಮಾತಾಡುವವರೆಗೆ ಹೊಸ ರೋಗಿಯನ್ನು ಒಳಗೆ ಹಾಕಬೇಡಿ.

ಹೀಲಿಯಂ ಮಟ್ಟ ಎಷ್ಟಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಅಳೆಯುವವರಿದ್ದಾರೆ. ಅಳೆಯುವ ತಂತಿ ಪ್ರತಿ ಬಾರಿಯೂ ಬಿಸಿಯಾಗಿ ಹೀಲಿಯಂ ಕುದಿಸುತ್ತದೆ. ದಿನಕ್ಕೊಮ್ಮೆ ಬರೆದಿಟ್ಟರೆ ಸಾಕು. ಒತ್ತಡ ಏರಿದ್ದು ಮಾತ್ರವಲ್ಲ, ವಾತಾವರಣಕ್ಕಿಂತ ಕೆಳಗಿಳಿದದ್ದೂ ಕೆಟ್ಟ ಸೂಚನೆ. ಹೊರಗಾಳಿ ಒಳಗೆ ಸೆಳೆದುಕೊಂಡು ಮಂಜು ಕಟ್ಟುತ್ತದೆ. ಮ್ಯಾಗ್ನೆಟ್ ಮೇಲ್ಭಾಗದ ಕೊಳವೆಗಳ ಮೇಲೆ ಹಿಮ, ಬುಸ್ ಎನ್ನುವ ಸದ್ದು ಕಂಡರೆ ಕೊಠಡಿ ಖಾಲಿ ಮಾಡಿ ಕರೆ ಮಾಡಿ.

ಒಂದು ವೈರಿಂಗ್ ತಪ್ಪು ಹಲವು ಕಡೆ ಇರುತ್ತದೆ: ಸ್ಕ್ಯಾನರ್‌ಗೆ ಯುಪಿಎಸ್ ಇದೆ, ಕಂಪ್ರೆಸರ್ ಮತ್ತು ಚಿಲ್ಲರ್ ಜನರೇಟರ್ ಲೈನಿನಲ್ಲಿ ಇಲ್ಲ. ಹಗಲು ಗೊತ್ತೇ ಆಗದು. ಶನಿವಾರ ಸಂಜೆ ಕರೆಂಟ್ ಹೋಗಿ ಸೋಮವಾರ ಬಾಗಿಲು ತೆರೆದಾಗ ಗೊತ್ತಾಗುತ್ತದೆ.

ಲಕ್ಷಣ: “ಬಿಸಿ ಆಗ್ತಿದೆ” ಎಂದು ರೋಗಿ ಹೇಳುತ್ತಿದ್ದಾರೆ

ತಕ್ಷಣ ಸ್ಕ್ಯಾನ್ ನಿಲ್ಲಿಸಿ. ಸೀಕ್ವೆನ್ಸ್ (ಸ್ಕ್ಯಾನಿನ ಒಂದು ಸುತ್ತು) ಮುಗಿಯಲು ಇನ್ನು ಒಂದೇ ನಿಮಿಷ ಇದ್ದರೂ ನಿಲ್ಲಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಬರುವ ಎಂಆರ್‌ಐ ಅವಘಡದ ವರದಿಗಳಲ್ಲಿ ಹೆಚ್ಚಿನವು ಸುಟ್ಟಗಾಯದವೇ. ರೇಡಿಯೊ ತರಂಗ (1.5 ಟೆಸ್ಲಾದಲ್ಲಿ ಸುಮಾರು 64, 3 ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್) ದೇಹದಲ್ಲಿ, ಕೇಬಲ್‌ನಲ್ಲಿ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟ್ ಚಿಕ್ಕ ಜಾಗದಲ್ಲಿ ಒತ್ತಿಕೊಂಡು ಹರಿದರೆ ಅಲ್ಲಿ ಸುಡುತ್ತದೆ.

ಗಾಯ ಆದ ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ. ತೊಡೆಗಳ ಒಳಬದಿ ಅಥವಾ ಮೀನಖಂಡಗಳು ತಾಗುವಲ್ಲಿ ಸುಟ್ಟಿದ್ದರೆ ಚರ್ಮಕ್ಕೆ ಚರ್ಮ ತಾಗಿ ದೇಹವೇ ಉಂಗುರವಾಗಿದೆ. ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡಾಗಲೂ ಹೀಗೇ. ಮೊಣಕೈ, ಭುಜದ ಹೊರಬದಿಯಲ್ಲಾದರೆ ಸುರಂಗದ ಗೋಡೆ ತಾಗಿದೆ, ದಪ್ಪ ಮೈಯವರಲ್ಲಿ ಹೆಚ್ಚು. ಗೆರೆಯಂತಿದ್ದರೆ ಕೇಬಲ್. ಚೌಕಾಕಾರವಾದರೆ ಔಷಧದ ಪ್ಯಾಚ್. ಕೆಲವು ನಿಕೋಟಿನ್, ನೋವಿನ ಪ್ಯಾಚ್‌ಗಳ ಬೆನ್ನಿಗೆ ಅಲ್ಯೂಮಿನಿಯಂ ಇರುತ್ತದೆ. ಬಟ್ಟೆಯ ಆಕಾರದಲ್ಲಿದ್ದರೆ ಜರಿಯ ಅಂಚು ಅಥವಾ ಬೆಳ್ಳಿ ಎಳೆಯ ಒಳಉಡುಪು. ಕಾಯಿಲ್ (ಸಿಗ್ನಲ್ ಹಿಡಿಯಲು ಮೈಗೆ ಹೊಂದಿಸುವ ಸುರುಳಿ) ಅಡಿಯಲ್ಲಾದರೆ ಕಾಯಿಲ್ ಕೆಟ್ಟಿದೆ, ಅಥವಾ ಪ್ಲಗ್ ಹಾಕದ ಕಾಯಿಲ್ ಮಂಚದ ಮೇಲೆ ಬಿಟ್ಟಿದ್ದೀರಿ. ಅದನ್ನು ಪಕ್ಕಕ್ಕಿಟ್ಟು “ಬಳಸಬೇಡಿ” ಚೀಟಿ ಹಚ್ಚಿ.

ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಈ ಸುಡುವಿಕೆ ಮೇಲೆ ಚಿಕ್ಕದಾಗಿ ಕಂಡರೂ ಆಳಕ್ಕೆ ಹೋಗಿರಬಹುದು, ವೈದ್ಯರು ನೋಡದೆ ಮನೆಗೆ ಕಳಿಸಬೇಡಿ.

ತಡೆಗಟ್ಟಲು ಹತ್ತಿಯ ಗೌನ್, ತೊಡೆಗಳ ನಡುವೆ ಮತ್ತು ಗೋಡೆಯ ಕಡೆ ಒಂದೆರಡು ಸೆಂಟಿಮೀಟರ್ ಪ್ಯಾಡ್, ಕೇಬಲ್ ಸುರುಳಿಯಾಗದೆ ಮಂಚದ ನಡುವೆ ನೇರ. ರೋಗಿಯ ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ, ತೂಗಿ ಬರೆಯಿರಿ. ಯಂತ್ರ ಶಾಖದ ಲೆಕ್ಕ ಹಾಕುವುದು ಅದೇ ತೂಕದ ಮೇಲೆ: ಸಾಮಾನ್ಯ ಕ್ರಮದಲ್ಲಿ ಇಡೀ ದೇಹಕ್ಕೆ ಕಿಲೊಗೆ 2 ವ್ಯಾಟ್, ವೈದ್ಯಕೀಯ ಮೇಲ್ವಿಚಾರಣೆ ಬೇಕಾದ ಮುಂದಿನ ಹಂತದಲ್ಲಿ 4. ಜ್ವರ ಇರುವವರು, ಪ್ರಜ್ಞೆ ಇಲ್ಲದವರು, ಅರಿವಳಿಕೆ ಕೊಟ್ಟ ಮಕ್ಕಳು ಬಿಸಿ ಎಂದು ಹೇಳಲಾರರು. ಅವರಿಗೆ ಸಾಮಾನ್ಯ ಕ್ರಮ ದಾಟಬೇಡಿ.

ಇಂಪ್ಲಾಂಟ್ (ದೇಹದೊಳಗೆ ಅಳವಡಿಸಿದ ಸಾಧನ) ವಿಷಯದಲ್ಲಿ ಒಂದು ತಪ್ಪು ತರ್ಕ ಹರಿದಾಡುತ್ತದೆ: “3 ಟೆಸ್ಲಾದಲ್ಲಿ ಆಗಿತ್ತು, 1.5ರಲ್ಲಿ ಆಗೇ ಆಗುತ್ತೆ.” ದೇಹದೊಳಗೆ ತರಂಗದ ಉದ್ದ 1.5 ಟೆಸ್ಲಾದಲ್ಲಿ ಸುಮಾರು 52 ಸೆಂಟಿಮೀಟರ್, 3 ಟೆಸ್ಲಾದಲ್ಲಿ ಅದರ ಅರ್ಧ. ಯಾವ ಉದ್ದದ ತಂತಿ ಹೆಚ್ಚು ಬಿಸಿಯಾಗುತ್ತದೆ ಎನ್ನುವುದು ಎರಡರಲ್ಲೂ ಬೇರೆ. ರೋಗಿಯ ಇಂಪ್ಲಾಂಟ್ ಕಾರ್ಡಿನಲ್ಲಿ ಬರೆದ ಟೆಸ್ಲಾ ಮತ್ತು ಷರತ್ತು ಮಾತ್ರ ನಂಬಿ.

ಲೋಕಲೈಸರ್‌ನಲ್ಲೇ ಸಿಗುವ ಸುಳಿವು

ಲೋಕಲೈಸರ್, ಅಂದರೆ ಜಾಗ ಗುರುತಿಸಲು ತೆಗೆಯುವ ಮೊದಲ ಇಮೇಜಿನಲ್ಲಿ ಕಪ್ಪು ಗುಂಡಿ, ಅದರ ಸುತ್ತ ತಿರುಚಿದ ಬಿಳಿ ಅಂಚು ಕಂಡರೆ ಅದು ಯಂತ್ರದ ದೋಷವಲ್ಲ, ಲೋಹ. ಮುಂದಿನ ಸೀಕ್ವೆನ್ಸ್ ಹಾಕಬೇಡಿ, ರೋಗಿಯನ್ನು ಹೊರತಂದು ಮತ್ತೆ ಪರೀಕ್ಷಿಸಿ. ಇಮೇಜಿಗೆಲ್ಲ ಅಡ್ಡಡ್ಡ ಗೆರೆ ಮೂಡಿದರೆ ಎಲ್ಲೋ ಸಡಿಲ ಲೋಹ ಅದುರುತ್ತಿದೆ, ಹಾಸಿಗೆಯ ಅಡಿಯಲ್ಲಿ ಬಿದ್ದ ಪಿನ್ನೂ ಆಗಿರಬಹುದು.

“ಮೈಮೇಲೆ ಲೋಹ ಇದೆಯಾ?” ಎಂದು ಕೇಳಿದರೆ “ಇಲ್ಲ” ಎಂದೇ ಉತ್ತರ ಬರುತ್ತದೆ, ತಾಳಿ, ಕಾಲುಂಗುರಗಳನ್ನು ಯಾರೂ ಲೋಹ ಎಂದು ಯೋಚಿಸುವುದಿಲ್ಲ. ಹೆಸರು ಹಿಡಿದು ಕೇಳಿ: “ಅಮ್ಮಾ, ಸೆರಗಿಗೆ ಪಿನ್ನು ಹಾಕಿದ್ದೀರಾ? ಜಡೆಯಲ್ಲಿ ಕ್ಲಿಪ್ಪು? ಮೂಗುತಿ?” “ಅಜ್ಜಾ, ಉಡಿದಾರದಲ್ಲಿ ತಾಯತ, ಬೀಗದಕೈ ಏನಾದ್ರೂ ಕಟ್ಟಿದ್ದೀರಾ? ಹಲ್ಲಿನ ಸೆಟ್ಟು, ಕಿವಿ ಯಂತ್ರ?” ತಾಳಿ ತೆಗೆಯಲು ಹಿಂಜರಿಯುವವರಿಗೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳಲು ಅನುವು ಮಾಡಿಕೊಡಿ, ತೆಗೆದದ್ದನ್ನು ಮನೆಯವರ ಕೈಗೇ ಕೊಡಿಸಿ. ವೆಲ್ಡಿಂಗ್, ಲೇತ್, ಗ್ರೈಂಡಿಂಗ್ ಕೆಲಸದವರನ್ನು “ಕಣ್ಣಿಗೆ ಕಬ್ಬಿಣದ ಚೂರು ಹೋಗಿತ್ತಾ?” ಎಂದು ಕೇಳಿ. ಹೌದಾದರೆ ಮೊದಲು ಕಣ್ಣುಗುಳಿಯ ಎಕ್ಸ್-ರೇ.

ಲಕ್ಷಣ: ರೋಗಿ ಪ್ರತಿಕ್ರಿಯಿಸುತ್ತಿಲ್ಲ

ಹೃದಯ ನಿಂತಿದ್ದರೆ ಕ್ವೆಂಚ್ ಒತ್ತುವುದು ತಪ್ಪು. ಕ್ಷೇತ್ರ ಬೀಳಲು ಬೇಕಾದ ಸಮಯದಲ್ಲಿ ರೋಗಿಯನ್ನೇ ಹೊರಗೆ ತಂದಿರಬಹುದು, ಜೊತೆಗೆ ಹೀಲಿಯಂ ಅಪಾಯ ಬೇರೆ. ಒಬ್ಬರು ಎದೆ ಒತ್ತಲು ಶುರುಮಾಡಿ, ನಿಮಿಷಕ್ಕೆ 100ರಿಂದ 120. ಇನ್ನೊಬ್ಬರು ಮಂಚ ಬಿಡಿಸಿ ಅಥವಾ ಕಬ್ಬಿಣವಿಲ್ಲದ ಸ್ಟ್ರೆಚರ್‌ಗೆ ಎತ್ತಿ ಮೊದಲೇ ಗುರುತಿಸಿದ ಹೊರಗಿನ ಜಾಗಕ್ಕೆ ತನ್ನಿ. ಡಿಫಿಬ್ರಿಲೇಟರ್, ಲಾರಿಂಗೋಸ್ಕೋಪ್, ಆಮ್ಲಜನಕ ಎಲ್ಲ ಅಲ್ಲೇ ಕಾಯುತ್ತಿರಲಿ. ರೋಗಿ ಹೊರಬಂದೊಡನೆ ಸ್ಕ್ಯಾನ್ ಕೊಠಡಿಗೆ ಬೀಗ. ಇಲ್ಲವಾದರೆ ಹೃದಯ ನಿಂತಿದೆ ಎಂಬ ತುರ್ತು ಕರೆ ಕೇಳಿ ಓಡಿಬರುವ ತಂಡ ಕ್ರ್ಯಾಶ್ ಟ್ರಾಲಿ ಸಮೇತ ಒಳಗೇ ನುಗ್ಗುತ್ತದೆ. ಬಾಗಿಲು ಕಾಯಲು ಒಬ್ಬರನ್ನು ನೇಮಿಸಿ, ಆ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಕೊಡಬೇಡಿ.

ಇಮೇಜ್ ಸ್ಪಷ್ಟವಾಗಲು ಚುಚ್ಚುವ ಗ್ಯಾಡೊಲಿನಿಯಂ ಕಾಂಟ್ರಾಸ್ಟ್ ಕೊಟ್ಟ ಮೇಲೆ ದದ್ದು, ಉಸಿರಿನಲ್ಲಿ ಶಿಳ್ಳೆ, ಬಿಪಿ ಕುಸಿತ ಕಂಡರೂ ಇದೇ ಕ್ರಮ: ಮೊದಲು ಹೊರಗೆ. ಅನಾಫಿಲ್ಯಾಕ್ಸಿಸ್‌ಗೆ (ಜೀವಕ್ಕೆ ಅಪಾಯ ತರುವ ಅಲರ್ಜಿಗೆ) ವೈದ್ಯರು ಕೊಡುವುದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್, ಕಿಲೊಗೆ 0.01 ಮಿಲಿಗ್ರಾಂ, ಹೆಚ್ಚೆಂದರೆ 0.5 ಮಿಲಿಗ್ರಾಂ. ಆ ಆಂಪೂಲ್ ಕೊಠಡಿಯ ಹೊರಗೆ, ಕೈಗೆಟುಕುವಲ್ಲಿ ಇರಲಿ.

ಕರೆಯುವ ರಬ್ಬರ್ ಬಲ್ಬನ್ನು ಪ್ರತಿ ರೋಗಿಯ ಕೈಯಿಂದ ಒಮ್ಮೆ ಒತ್ತಿಸಿ ನೋಡಿ. ಕೆಲಸ ಮಾಡದಿದ್ದರೆ ಕೊಳವೆ ಮಂಚದ ಅಂಚಿನಲ್ಲಿ ಮಡಚಿದೆಯೇ, ಸೀಳಿದೆಯೇ, ಜೋಡಣೆ ಕಳಚಿದೆಯೇ ನೋಡಿ. ಸರಿಯಾಗದಿದ್ದರೆ ಆ ರೋಗಿಯ ಸ್ಕ್ಯಾನ್ ಶುರುಮಾಡಬೇಡಿ.

ಲಕ್ಷಣ: ಹೊಗೆ, ಬೆಂಕಿ

ರೋಗಿ ಹೊರಗೆ, ಎಮರ್ಜೆನ್ಸಿ ಪವರ್ ಆಫ್, ಕಾಂತೀಯವಲ್ಲದ ನಂದಕ, 101. ನಿಮ್ಮ ನಂದಕದ ಮೇಲೆ “ಎಂಆರ್‌ಐಗೆ ಸುರಕ್ಷಿತ” ಎಂದು ಬರೆದಿಲ್ಲದಿದ್ದರೆ ಅದು ಉಕ್ಕಿನದೇ ಎಂದು ತಿಳಿಯಿರಿ. ಅಗ್ನಿಶಾಮಕರು ಕೊಡಲಿ, ಉಸಿರಾಟದ ಸಿಲಿಂಡರ್ ಸಮೇತ ಬರುತ್ತಾರೆ. ಅವರು ಸ್ಕ್ಯಾನ್ ಕೊಠಡಿಗೇ ಹೋಗಬೇಕಾದ ಸ್ಥಿತಿ ಬಂದರೆ ಮಾತ್ರ ಮೊದಲು ಕ್ವೆಂಚ್ ಮಾಡಿ, ಕ್ಷೇತ್ರ ಸೊನ್ನೆ ಎಂದು ಖಚಿತಪಡಿಸಿ ಆಮೇಲೆ ಬಿಡಿ. ಸ್ಥಳೀಯ ಠಾಣೆಯವರನ್ನು ಒಮ್ಮೆ ಕರೆಸಿ ಕೊಠಡಿ, ಬಟನ್, ಚಾವಣಿಯ ಪೈಪಿನ ತುದಿ ತೋರಿಸಿಡಿ.

ಎಂಆರ್‌ಐಯಲ್ಲಿ ಎಕ್ಸ್-ರೇ ಇಲ್ಲವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ತಪಾಸಣೆ ಇದಕ್ಕಿಲ್ಲ. ಸಿಟಿ ಕೊಠಡಿಗೆ ಬರುವ ತಪಾಸಕರು ಪಕ್ಕದ ಈ ಬಾಗಿಲು ತಟ್ಟುವುದಿಲ್ಲ. ಹಾಗಾಗಿ ಅಣಕು ಅಭ್ಯಾಸದ ದಿನ ಗೊತ್ತು ಮಾಡಬೇಕಾದವರು ನೀವೇ. ಆರು ತಿಂಗಳಿಗೊಮ್ಮೆ, ರಾತ್ರಿ ಪಾಳಿಯಲ್ಲಿ, ಸ್ವಚ್ಛತಾ ಸಿಬ್ಬಂದಿ ಮತ್ತು ಭದ್ರತಾ ಸಿಬ್ಬಂದಿಯನ್ನೂ ಸೇರಿಸಿ, ಮಂಚವನ್ನು ಕರೆಂಟಿಲ್ಲದೆ ಕೈಯಿಂದ ಎಳೆದು ಒಬ್ಬ ಸಹೋದ್ಯೋಗಿಯನ್ನು ಬಾಗಿಲಾಚೆ ತರಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಗಡಿಯಾರ ನೋಡಿ ಬರೆದಿಡಿ. ಒಂದು ನಿಮಿಷ ಮೀರಿದರೆ ಮಂಚದ ಲಾಕ್, ಬಾಗಿಲ ಮುಂದಿನ ಸಾಮಾನು, ಸ್ಟ್ರೆಚರ್ ಇಡುವ ಜಾಗ, ಈ ಮೂರನ್ನು ಮೊದಲು ನೋಡಿ.